ಹುಲುಗಪ್ಪ ಒಪ್ಪಿಕೊಂಡ ಕೊಲೆ

ಡಾ. ಊರಮ್ಮ ಬಳ್ಳಾರಿಯಲ್ಲಿ ಅಪರಾಧ ಮನಃಶಾಸ್ತ್ರಜ್ಞೆಯಾಗಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಒಂದು ಕೊಲೆಯೂ ಅವಳ ಪಾಲಿಗೆ ಬಂದಿರಲಿಲ್ಲ.

ಬಳ್ಳಾರಿಯದೇ ಕೌಲ್ ಬಜಾರಿನ ಸಂದಿಯೊಂದರಲ್ಲಿ ಹುಟ್ಟಿ ಬೆಳೆದ ಹುಡುಗಿ ಅವಳು. ಹೊರರಾಜ್ಯಕ್ಕೆ ಹೋಗಿ ಓದಿ, ಕೊಲೆಗಾರರ ಮನಸ್ಸಿನ ಮೇಲೆ ನಾನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು ಬಂದಿದ್ದಳು. ಪೊಲೀಸ್ ಇಲಾಖೆ ಅವಳನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿತು. ಆದರೆ ಕೊಟ್ಟ ಕೆಲಸವೆಂದರೆ ಪೇದೆಗಳಿಗೆ ಸಿಟ್ಟು ತಡೆದುಕೊಳ್ಳುವುದು ಹೇಗೆ ಎಂದು ಪಾಠ ಹೇಳುವುದು, ಜಗಳವಾಡಿಕೊಂಡು ಬಂದ ಗಂಡ ಹೆಂಡಿರನ್ನು ಎದುರುಬದುರು ಕೂರಿಸಿ ಮಾತಾಡಿಸುವುದು. ಒಬ್ಬ ದೊಡ್ಡ ಅಧಿಕಾರಿ ತುರ್ತಾಗಿ ಕರೆಸಿದ್ದಾರೆಂದು ಓಡಿದರೆ, ಅವರ ಮಗಳು ಗಣಿತ ಪುಸ್ತಕ ಮುಟ್ಟುತ್ತಿಲ್ಲವಂತೆ, ಕಾರಣ ಕಂಡುಹಿಡಿಯಬೇಕಂತೆ. ಮನೆಯಲ್ಲಿ ಅವ್ವ ಅಕ್ಕಪಕ್ಕದವರಿಗೆಲ್ಲ "ನಮ್ಮಾಕಿ ಪೊಲೀಸರ ಡಾಕ್ಟ್ರು" ಎಂದು ಹೇಳಿದ್ದರಿಂದ ಭಾನುವಾರ ಬೆಳಿಗ್ಗೆ ನಾಲ್ಕಾರು ಮುದುಕರು ಬಿಪಿ ತೋರಿಸಲು ಬಂದು ಕೂರುತ್ತಿದ್ದರು.

ಹೀಗಿರುವಾಗ ಮೇ ತಿಂಗಳ ಒಂದು ಬೆಳಿಗ್ಗೆ ಸೂರಯ್ಯ ಕ್ಯಾಂಪ್ ಠಾಣೆಯ ಪಿಎಸ್ಐ ದೊಡ್ಡಬಸವರಾಜ ಫೋನ್ ಮಾಡಿದ. ಸೂರಯ್ಯ ಕ್ಯಾಂಪ್ ಸಿರುಗುಪ್ಪ ದಾಟಿ ಏಳೆಂಟು ಕಿಲೋಮೀಟರ್ ಒಳಗಿದೆ.

"ಮೇಡಮ್, ನಮ್ಮಲ್ಲೊಂದು ಕೊಲಿ ಆಗೈತ್ರಿ," ಎಂದ. "ಕೊಲಿ ಮಾಡಿದಾಂವ ಸಿಕ್ಕಾನ. ಹೆಣ ಸಿಕ್ಕಿಲ್ಲ."

"ಉಲ್ಟಾ ಆತಲ್ರಿ?"

"ಅದಕ್ಕಾ ನಿಮಗ ಫೋನ್ ಮಾಡಿದ್ದು. ಅವನ ತಲಿ ನೆಟ್ಟಗೈತೋ ಇಲ್ಲೋ ಒಂದ್ಸಲ ನೋಡಿ ಹೇಳಿಬಿಡ್ರಿ."

ಫೋನ್ ಇಟ್ಟ ಊರಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಚೀಲಕ್ಕೆ ಹೊಸ ಪ್ರಶ್ನಾವಳಿ, ಧ್ವನಿ ಮುದ್ರಿಸುವ ಯಂತ್ರ ತುಂಬಿಕೊಳ್ಳುತ್ತಾ ಹಾಡು ಗುನುಗಿದಳು. ಸಿರುಗುಪ್ಪದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ, ಯಾರೋ ಒಬ್ಬ ಸತ್ತಿದ್ದಾನೆ, ತಾನು ಹಾಡು ಹೇಳುತ್ತಿದ್ದೇನೆ ಎಂಬುದು ಹೊಳೆದು ನಾಚಿಕೆಯಾಯಿತು. ದಾರಿಯುದ್ದಕ್ಕೂ ಮುಖ ಗಂಭೀರ ಮಾಡಿಕೊಂಡೇ ಕೂತಳು.

ಠಾಣೆಯ ಮುಂದಿನ ಬೇವಿನ ಮರದಡಿ ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ ಕೈಕಟ್ಟಿ ಕೂತಿದ್ದ. ಅವನೇ ಕೊಲೆಗಾರ ಹುಲುಗಪ್ಪ. ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುವವನು. ಅವನ ಕಾವಲಿಗೆ ಪೇದೆ ಪಕ್ಕೀರಪ್ಪ ನಿಂತಿದ್ದ. ಊರಮ್ಮನನ್ನು ಕಂಡಿದ್ದೇ ಪಕ್ಕೀರಪ್ಪ ಬೇರೆ ಕಡೆ ಮುಖ ತಿರುಗಿಸಿ ಏನನ್ನೋ ಬಾಯೊಳಗೇ ಪಠಿಸತೊಡಗಿದ.

ದೊಡ್ಡಬಸವರಾಜ ಒಳಗೆ ಕೂರಿಸಿ ವಿಷಯ ಹೇಳಿದ. ಹುಲುಗಪ್ಪನ ಹೆಂಡತಿ ಸಾವಂತ್ರಮ್ಮ. ಆಕೆಯ ತಮ್ಮ ಎರ್ರಿಸ್ವಾಮಿ, ಎಲ್ಲರ ಬಾಯಲ್ಲಿ ಎರ್ರಿ. ನಲವತ್ತೊಂದು ವರ್ಷ, ಮದುವೆಯಾಗಿಲ್ಲ, ಟ್ರ್ಯಾಕ್ಟರ್ ಓಡಿಸಿಕೊಂಡು ಅಕ್ಕನ ಮನೆಯಲ್ಲೇ ಇದ್ದ. ನಿನ್ನೆ ಬೆಳಿಗ್ಗೆ ಹುಲುಗಪ್ಪ ನೆಟ್ಟಗೆ ಠಾಣೆಗೆ ಬಂದು "ನಮ್ಮ ಬಾಮೈದನ್ನ ನಾನಾ ಕೊಂದೀನಿ, ಬರ್ಕೊಳ್ರಿ" ಎಂದನಂತೆ.

"ಹೆಂಗ ಕೊಂದಿ ಅಂದೆ. ಕುತ್ಗಿ ಹಿಚುಕಿ ಕಾಲುವಿಗೆ ಒಗದೆ ಅಂದ. ಕಾಲುವ್ಯಾಗ ನೀರು ನಿಂತು ತಿಂಗಳಾತಲ್ಲೋ ಅಂದೆ. ಹೌದಲ್ರಿ, ಹಂಗಾದ್ರ ಹೊಳಿ ಅಂತ ಬರ್ಕೊಳ್ರಿ ಅಂದ. ಹೊಳ್ಯಾಗ ಮೊಣಕಾಲುದ್ದ ನೀರು, ಅದ್ರಾಗ ಹೆಣ ಹೆಂಗ ಹೋಗ್ತತಿ ಅಂದೆ. ಎಲ್ಲಿ ಆಳ ಐತಿ ನೀವಾ ಹೇಳಿಬಿಡ್ರಿ ಸರ್ ಅಂತ ನನ್ನಾ ಕೇಳ್ತಾನ!"

"ಹುಡಿಕಿಸೀರೇನು?"

"ಬಿಡಾಕ ಬರ್ತತೇನ್ರಿ, ಕೊಲಿ ಅಂದಮ್ಯಾಲೆ? ಹೊಳಿ ಮಡುವಿನಾಗ ಎರಡು ಹರಗೋಲು ಬಿಟ್ಟೀನಿ. ಸುತ್ತಲ ಠಾಣ್ಯಾಗೆಲ್ಲ ಫೋಟೊ ಕಳಿಸೀನಿ. ಬಳ್ಳಾರಿಯಿಂದ ನಾಯಿ ತರಸಿದ್ದೆ. ಎರ್ರಿ ಅಂಗಿ ಮೂಸಿ ಅದು ಸೀದಾ ಬಸ್ ಸ್ಟಾಪಿಗೆ ಹೋಗಿ ಕುಂತುಬಿಡ್ತು. ಪಾಪ, ಬಿಸಲಿಗೆ ಅದಕ್ಕೂ ತಲಿ ಕೆಟ್ಟಿತ್ತು." ದೊಡ್ಡಬಸವರಾಜ ಟೋಪಿ ತೆಗೆದು ತಲೆ ಒರೆಸಿಕೊಂಡ. "ಹೆಣ ಇಲ್ಲದ ಅರೆಸ್ಟ್ ಮಾಡಾಕ ಬರಂಗಿಲ್ಲ, ಮನಿಗೆ ಹೋಗು, ಕರದಾಗ ಬಾ ಅಂದ್ರ ಹೋಗವಲ್ಲ. ಕೊಲಿ ಮಾಡಿದಾಂವನ್ನ ಮನಿಗೆ ಕಳಸ್ತೀರೇನ್ರಿ ಅಂತ ನನಗಾ ಜೋರು ಮಾಡ್ತಾನ."

ಅಷ್ಟರಲ್ಲಿ ಹೊರಗೆ ದೊಡ್ಡ ಗದ್ದಲವಾಯಿತು. ಸಾವಂತ್ರಮ್ಮ ಬುತ್ತಿ ಹಿಡಿದುಕೊಂಡು ಬಂದಿದ್ದಳು. ಬೇವಿನ ಮರದಡಿ ನಿಂತು ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು.

"ನನ್ನ ತಮ್ಮನ್ನ ತಿಂದ್ಯಲ್ಲೋ ಪಾಪಿ! ನಿನ್ನ ಕೈ ಸೇದಿ ಹೋಗ್ಲಿ! ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಎನ್ನುತ್ತಲೇ ಬುತ್ತಿ ಬಿಚ್ಚಿದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಗಡ್ಡೆ ಈರುಳ್ಳಿ. ಗಂಡ ತಿನ್ನುವಷ್ಟು ಹೊತ್ತು ಅಳು ನಿಂತಿತು. "ಉಪ್ಪು ಸಾಕಾ?" ಎಂದು ಮೆಲ್ಲಗೆ ಕೇಳಿದಳು. ಅವನು ತಲೆಯಾಡಿಸಿದ. ಕೈ ತೊಳೆಯಲು ನೀರು ಹಾಕಿ, ಸೆರಗು ಕೊಟ್ಟು ಕೈ ಒರೆಸಿಕೊಳ್ಳಲು ಹೇಳಿ, ಮತ್ತೆ ಎದೆಗೆ ಬಡಿದುಕೊಂಡು "ಅಯ್ಯೋ ನನ್ನ ತಮ್ಮಾ!" ಎಂದು ಶುರುಮಾಡಿದಳು.

ಊರಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಒಡಹುಟ್ಟಿದವನನ್ನು ಕೊಂದವನಿಗೆ ಬಿಸಿ ರೊಟ್ಟಿ ಬಡಿದುಕೊಂಡು ಬಂದ ಹೆಂಗಸನ್ನು ತನ್ನ ನಾನೂರು ಪುಟದಲ್ಲಿ ಎಲ್ಲೂ ಕಂಡ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹುಲುಗಪ್ಪನನ್ನು ಒಳಗಿನ ಕೋಣೆಗೆ ಕರೆಸಿದಳು. ಪಕ್ಕೀರಪ್ಪನೂ ಬಾಗಿಲ ಬಳಿ ಬಂದು ನಿಂತ. ಅವನ ತುಟಿ ಇನ್ನೂ ಅಲ್ಲಾಡುತ್ತಿತ್ತು.

"ಪಕ್ಕೀರಪ್ಪ, ಏನ್ರಿ ಅದು ಒಂದಾ ಸವನ?"

ಅವನು ತಲೆತಗ್ಗಿಸಿದ. "ಹದಿಮೂರರ ಮಗ್ಗಿರಿ ಮೇಡಮ್. ನೀವು ಮನಸಿನಾಗಿದ್ದಿದ್ದು ಓದ್ತೀರಂತ. ಮಗ್ಗಿ ಹೇಳಿದ್ರ ಬ್ಯಾರೇದು ಕಾಣಂಗಿಲ್ಲ ಅಂತ ಯಾರೋ ಹೇಳಿದ್ರು."

"ಹದಿಮೂರು ಏಳ್ಲಿ ತೊಂಬತ್ತೆರಡಲ್ಲ, ತೊಂಬತ್ತೊಂದು," ಎಂದಳು ಊರಮ್ಮ, ತುಟಿ ಚಲನೆ ನೋಡಿ ಸುಮ್ಮನೆ ಒಂದು ಅಂದಾಜಿನ ಮೇಲೆ. ಪಕ್ಕೀರಪ್ಪ ಬಿಳುಚಿಕೊಂಡು ಗೋಡೆಗೆ ಒರಗಿದ.

ಅವಳು ಪ್ರಶ್ನಾವಳಿ ತೆಗೆದಿಟ್ಟಳು. ಆಮೇಲೆ ಅದನ್ನು ಮುಚ್ಚಿ ಪಕ್ಕಕ್ಕೆ ಸರಿಸಿ, "ಹುಲುಗಪ್ಪನೋರ, ನಿಮ್ಮ ಬಾಮೈದನ ಬಗ್ಗಿ ಹೇಳ್ರಿ," ಎಂದಳು.

ಹುಲುಗಪ್ಪ ಬೆನ್ನು ನೆಟ್ಟಗೆ ಮಾಡಿದ. ಬಾಯಿಪಾಠ ಮಾಡಿದವನಂತೆ ಶುರುಹಚ್ಚಿಕೊಂಡ. "ಹೆಸ್ರು ಎರ್ರಿಸ್ವಾಮಿ. ವಯಸ್ಸು ನಲವತ್ತೊಂದು. ಐದು ಅಡಿ ನಾಲ್ಕು ಇಂಚು. ಎಣ್ಣಿಗೆಂಪು ಬಣ್ಣ, ದುಂಡು ಮುಖ. ಎಡಗಡಿ ಹುಬ್ಬಿನ ಮ್ಯಾಲೆ ಗಾಯದ ಗುರ್ತು. ಬಿಳಿ ಅಂಗಿ, ನೀಲಿ ಪ್ಯಾಂಟು. ಕನ್ನಡ, ತೆಲುಗು ಎರಡೂ ಮಾತಾಡ್ತಾನ."

ಊರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಹೆಣ ಯಾಕ ಕನ್ನಡ ತೆಲುಗು ಮಾತಾಡ್ತತ್ರಿ?"

ಹುಲುಗಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. "ಮೊದ್ಲು ಮಾತಾಡ್ತಿತ್ರಿ," ಎಂದ ಕೊನೆಗೆ. ಆಮೇಲೆ ಮುಂದಕ್ಕೆ ಬಾಗಿ, "ಮೇಡಮ್, ಹರಗೋಲಿನೋರು ಏನಾರ ಅಂದ್ರ? ಸಿಂಧನೂರು ಕಡಿ ಫೋಟೊ ಕಳಿಸಿದ್ರಂತಲ್ಲ, ಅಲ್ಲೇನಾರ ಸುಳಿವು ಸಿಕ್ಕತಾ? ಸಿಕ್ಕಿದ್ರ ಅವಗ ಮೊದ್ಲು ಒಂದು ಗ್ಲಾಸ್ ಮಜ್ಜಿಗಿ ಕೊಡಾಕ ಹೇಳ್ರಿ. ಬಿಸ್ಲು ತಡಿಯಂಗಿಲ್ಲ ಅವಗ," ಎಂದ.

ಊರಮ್ಮ ಪೆನ್ನು ಕೆಳಗಿಟ್ಟಳು. ತಾನು ಏನು ಹೇಳಿದೆನೆಂದು ಹುಲುಗಪ್ಪನಿಗೆ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು.

"ಎಷ್ಟು ದಿನಾತ್ರಿ ಅವರು ಮನಿ ಬಿಟ್ಟು?" ಊರಮ್ಮ ಮೆಲ್ಲಗೆ ಕೇಳಿದಳು.

"ಹನ್ನೆರಡು ದಿನ," ಎಂದು ಹುಲುಗಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಅವನು ಹೇಳಿದ್ದಿಷ್ಟು. ಹನ್ನೆರಡು ದಿನದ ಹಿಂದೆ ಎರ್ರಿ ಯಾರಿಗೂ ಹೇಳದೆ ಹೋದ. ಫೋನ್ ಬಂದ್. ಇವರು ನೆಂಟರ ಮನೆಗಳನ್ನೆಲ್ಲ ಹುಡುಕಿ ಮುಗಿಸಿ ಠಾಣೆಗೆ ಬಂದರು. ಕಾಣೆಯಾದವರ ದೂರು ಬರೆದುಕೊಳ್ಳಿರಿ ಎಂದರೆ, ನಲವತ್ತು ದಾಟಿದ ಗಂಡಸು, ಹಸಿವಾದರೆ ತಾನೇ ಬರುತ್ತಾನೆ ಹೋಗಿರಿ ಎಂದರು. ಎರಡನೆಯ ಸಲ ಬಂದಾಗ ಸಾಹೇಬರಿಲ್ಲ ಎಂದರು. ಮೂರನೆಯ ಸಲ, ಯಾವುದಾದರೂ ಹೆಂಗಸಿನ ಜೊತೆ ಹೋಗಿರಬೇಕು ನೋಡು ಎಂದು ನಕ್ಕರು.

"ಮೂರು ಸಲ ಬಂದ್ರೂ ಒಂದು ಹಾಳಿ ಬರೀಲಿಲ್ರಿ. ಆಗ ಸಾವಂತ್ರಿ ಅಂದ್ಲು, ಮನ್ಷ್ಯಾ ಕಾಣಸವಲ್ಲ ಅಂದ್ರ ಇವ್ರು ಏಳಂಗಿಲ್ಲ, ಸತ್ತ ಅಂದ್ರ ಏಳ್ತಾರ ಅಂತ. ಖರೇನ ಆತ್ರಿ. ಕೊಂದೀನಿ ಅಂದ ತಾಸಿನಾಗ ಎರಡು ಹರಗೋಲು, ಒಂದು ನಾಯಿ, ಐದು ಸ್ಟೇಷನ್ನಿಗೆ ಫೋಟೊ! ನನಗಂತೂ ನೋಡಿ ಸಮಾಧಾನ ಆತು."

"ಯಾರ್ರಿ ಬರಕೊಳ್ಳದಿದ್ದೋರು?"

ಹುಲುಗಪ್ಪ ಪಕ್ಕೀರಪ್ಪನ ಕಡೆ ನೋಡಿದ. ಪಕ್ಕೀರಪ್ಪ ಫ್ಯಾನಿನ ಕಡೆ ನೋಡಿದ. ಈಗ ಅವನಿಗೆ ಯಾವ ಮಗ್ಗಿಯೂ ನೆನಪಾಗುತ್ತಿರಲಿಲ್ಲ.

ಊರಮ್ಮನಿಗೆ ಕೊಲೆ ಕೈತಪ್ಪಿದ್ದಕ್ಕೆ ಒಂದು ಕ್ಷಣ ಪಿಚ್ಚೆನಿಸಿದ್ದು ಸುಳ್ಳಲ್ಲ. ಮರುಕ್ಷಣವೇ ಎದುರಿಗಿದ್ದ ಮನುಷ್ಯನ ಮುಖ ನೋಡಿ ಆ ವಿಚಾರ ಅಲ್ಲಿಗೇ ಬಿಟ್ಟಳು. ಅವಳಿಗೆ ಬೇರೊಂದು ಚಿಂತೆ ಹತ್ತಿತ್ತು. ಈಗಲೇ ಪಿಎಸ್ಐಗೆ ಸತ್ಯ ಹೇಳಿದರೆ ಹರಗೋಲು ದಡಕ್ಕೆ ಬರುತ್ತವೆ, ಹುಲುಗಪ್ಪನ ಮೇಲೆ ಸುಳ್ಳು ಹೇಳಿದ ಕೇಸು ಬೀಳುತ್ತದೆ, ಎರ್ರಿಯನ್ನು ಮತ್ತೆ ಯಾರೂ ಹುಡುಕುವುದಿಲ್ಲ. ಹೇಳದಿದ್ದರೆ ತಾನೂ ಸುಳ್ಳಿನಲ್ಲಿ ಪಾಲುದಾರಳಾದಂತೆ.

ಹೊರಗೆ ಬಂದು ದೊಡ್ಡಬಸವರಾಜನಿಗೆ, "ಸರ್, ತಲಿ ನೆಟ್ಟಗಾ ಐತಿ. ಆದ್ರ ರಿಪೋರ್ಟ್ ಕೊಡಾಕ ನಾಳಿ ಸಂಜಿ ತನಕ ಟೈಮ್ ಬೇಕು. ಅಲ್ಲೀತನಕ ಹುಡುಕಾದು ನಿಲ್ಲಸಬ್ಯಾಡ್ರಿ," ಎಂದಳು. "ಪಕ್ಕೀರಪ್ಪನ್ನ ನನ್ನ ಜೋಡಿ ಕಳಸ್ರಿ."

ಪಕ್ಕೀರಪ್ಪ ಕರೆದ ತಕ್ಷಣ ಬಂದ. ಬೇರೆ ದಾರಿಯೂ ಅವನಿಗಿರಲಿಲ್ಲ.

ಇಬ್ಬರೂ ಹುಲುಗಪ್ಪನ ಮನೆಗೆ ಹೋದರು. ಸಾವಂತ್ರಮ್ಮ ಊರಮ್ಮನ ಮುಖ ನೋಡಿದ್ದೇ ಅಳುವುದನ್ನು ಬಿಟ್ಟು ಚಹಾಕ್ಕಿಟ್ಟಳು. ಎರ್ರಿ ಮಲಗುತ್ತಿದ್ದ ಪಡಸಾಲೆಯ ಮೂಲೆ ತೋರಿಸಿದಳು. ಒಂದು ಟ್ರಂಕು, ಗೂಟಕ್ಕೆ ತೂಗುಹಾಕಿದ ಬಟ್ಟೆ.

"ಏನೇನು ಒಯ್ದಾರ?"

"ಎರಡು ಜೊತಿ ಹಳಿ ಬಟ್ಟಿ. ಹೊಸಾ ರೇಷ್ಮಿ ಅಂಗಿ ಇಲ್ಲೇ ಐತಿ ನೋಡ್ರಿ. ಓದೂ ಕನ್ನಡಕ ಒಯ್ದಾನ. ಪೇಪರ್ ಓದಾಕ ಅಂತ ಹೋದ ವರ್ಷ ತಗೊಂಡಿದ್ದ." ಸಾವಂತ್ರಮ್ಮ ಗೋಡೆಯ ಖಾಲಿ ಗೂಡಿನ ಕಡೆ ನೋಡಿದಳು. "ನನ್ನ ಮಗಳ ಕಂಪಾಸ್ ಬಾಕ್ಸು ಆ ಮಾಡದಾಗಿತ್ತು. ಆಕಿ ಲಗ್ನ ಆಗಿ ಹೋಗಿ ನಾಕು ವರ್ಷಾತು. ಈಗ ಅದೂ ಕಾಣಸವಲ್ದು. ಇಲಿ ಒಯ್ದಾವೇನೋ ಅಂದ್ಕೊಂಡಿದ್ದೆ."

ಊರಮ್ಮ ರೇಷ್ಮೆ ಅಂಗಿ ಮುಟ್ಟಿ ನೋಡಿದಳು. ಹೆಣ್ಣಿನ ಜೊತೆ ಓಡಿಹೋಗುವವನು ಒಳ್ಳೆಯ ಅಂಗಿ ಬಿಟ್ಟುಹೋಗುವುದಿಲ್ಲ. ಸಾಯಲು ಹೋಗುವವನಿಗೆ ಓದುವ ಕನ್ನಡಕ ಬೇಕಿಲ್ಲ. ನಲವತ್ತೊಂದು ವರ್ಷದ ಟ್ರ್ಯಾಕ್ಟರ್ ಡ್ರೈವರನಿಗೆ ಕಂಪಾಸ್ ಬಾಕ್ಸ್ ಯಾತಕ್ಕೆ?

"ಹೋಗೂಕಿಂತ ಮೊದ್ಲು ಏನಾರ ನಡದಿತ್ತಾ? ಜಗಳ, ಮಾತು?"

"ಜಗಳ ಏನಿಲ್ರವ್ವಾ. ಹಿಂದಿನ ದಿನ ಕುರುಗೋಡಿಗೆ ಹೆಣ್ಣು ನೋಡಾಕ ಹೋಗಿದ್ವಿ. ಸರೋಜಾ ಅಂತ, ಅಂಗನವಾಡಿ ಟೀಚರ್ರು. ಹುಡುಗ ಎಷ್ಟು ಓದ್ಯಾನ ಅಂತ ಕೇಳಿದ್ರು. ನಾನು ಪಿಯುಸಿ ಪಾಸ್ ಅಂದೆ."

"ಪಾಸ್ ಆಗ್ಯಾರಾ?"

"ಎಸ್ಸೆಸ್ಸೆಲ್ಸಿ ಫೇಲ್," ಎಂದು ಸಾವಂತ್ರಮ್ಮ ಚಹಾ ಸೋಸಿದಳು. "ಟೀಚರಿಗೆ ಫೇಲ್ ಅಂತ ಹೆಂಗ ಹೇಳಾದ್ರಿ?"

ಮರುದಿನ ಬೆಳಿಗ್ಗೆ ಊರಮ್ಮ, ಪಕ್ಕೀರಪ್ಪ ಕುರುಗೋಡಿನಲ್ಲಿ ಬಸ್ಸಿಳಿದರು. ಬಸ್ ಸ್ಟ್ಯಾಂಡಿನ ಬಳಿ ಒಗ್ಗಾಣಿ ಮಿರ್ಚಿ ತಿನ್ನುತ್ತಾ ಪಕ್ಕೀರಪ್ಪ ತಾನಾಗಿಯೇ ಬಾಯಿಬಿಟ್ಟ. "ಮೇಡಮ್, ಆ ಹೆಂಗಸಿನ ಮಾತು ನಾನಾ ಅಂದಿದ್ದು. ನಗಿಚಾಟಕ್ಕ ಅಂದಿದ್ದೆ. ಅವರ ಮಾರಿ ಅವತ್ತು ನೋಡಿರಲಿಲ್ಲ ನಾನು. ನಿನ್ನಿ ನೋಡಿದೆ." ಅರ್ಧ ಮಿರ್ಚಿ ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದು ಕೈ ತೊಳೆದುಕೊಂಡ. ಊರಮ್ಮ ಇಬ್ಬರ ತಿಂಡಿಯ ದುಡ್ಡು ಕೊಟ್ಟಳು.

ಸರೋಜಾ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಮೂವತ್ತಾರು ವರ್ಷದ, ದನಿ ಎತ್ತರದ, ನಗು ಬೇಗ ಬರುವ ಹೆಂಗಸು. ಪೊಲೀಸರೆಂದರೂ ಹೆದರಲಿಲ್ಲ. ಕಾಗೆ ಓಡಿಸುವ ಕೋಲನ್ನು ಪಕ್ಕೀರಪ್ಪನ ಕೈಗೆ ಕೊಟ್ಟು ಅವನನ್ನು ಮೂಲೆಗೆ ನಿಲ್ಲಿಸಿ ಊರಮ್ಮನ ಪಕ್ಕ ಕೂತಳು.

"ಪಿಯುಸಿ ಯಾವುದ್ರಾಗ ಮಾಡೀರಿ ಅಂತ ಕೇಳ್ದೆ. ಆರ್ಟ್ಸೋ ಸೈನ್ಸೋ ಅಂತ. ಅವ್ರು ಅಕ್ಕನ ಮುಖ ನೋಡಿ, ಎರಡೂ ಮಾಡೀನ್ರಿ ಅಂದ್ರು," ಎಂದು ಸರೋಜಾ ನೆನೆದು ಮತ್ತೆ ನಕ್ಕಳು. "ನಗಿ ತಡಿಯಾಕಾಗ್ಲಿಲ್ಲ. ಹಂಗಾದ್ರ ಮಾರ್ಕ್ಸ್ ಕಾರ್ಡ್ ತಗೊಂಡು ಬರ್ರಿ, ಆಮ್ಯಾಲೆ ನೋಡೋಣಂತ ಅಂದೆ. ಚಾಷ್ಟಿಗೆ ಅಂದಿದ್ದು."

"ನಿಮಗ ಮನಸಿಗೆ ಬಂದಿರಲಿಲ್ಲೇನು?"

ಸರೋಜಾ ಸಂಡಿಗೆ ಹಿಟ್ಟಿನ ಕೈಯನ್ನು ನೋಡಿಕೊಂಡಳು. "ಬಂದಿದ್ರು. ಅವತ್ತು ಮನಿತುಂಬ ಮಂದಿ ಇದ್ರಿ. ಎಲ್ಲಾರ ಚಪ್ಲಿ ಅಂಗಳದಾಗ ಬಿಸ್ಲಿಗೆ ಬಿದ್ದಿದ್ವು. ಇವ್ರು ಫೋನ್ ಬಂತು ಅಂತ ಹೊರಗ ಹೋದ್ರು. ಕಿಡಕಿಯಾಗ ನೋಡ್ತೀನಿ, ಒಂದೊಂದಾ ಜೊತಿ ಎತ್ತಿ ನೆಳ್ಳಿಗೆ ಇಡಾಕತ್ತಾರ. ಹೋಗೋರಿಗೆ ಕಾಲು ಸುಡಬಾರ್ದು ಅಂತ. ಯಾರೂ ನೋಡಿಲ್ಲ ಅಂದ್ಕೊಂಡಾರ. ಹತ್ತು ವರ್ಷದಾಗ ನನ್ನ ನೋಡಾಕ ಬಂದೋರು ಬಾಳ ಮಂದಿ ಅದಾರ. ಇಂಥೋರು ಯಾರೂ ಬಂದಿಲ್ಲ."

ಎರ್ರಿ ಅದರ ಮರುದಿನವೇ ಕಾಣೆಯಾದ ಸುದ್ದಿ ಊರಮ್ಮ ಹೇಳಿದಳು. ಸರೋಜಾಳ ನಗು ನಿಂತಿತು. "ನನ್ನ ಮಾತಿಗೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ನಿಮ್ಮ ಮಾತಿಗಾ. ಆದ್ರ ಗಾಬರಿ ಆಗಬ್ಯಾಡ್ರಿ," ಎಂದು ಊರಮ್ಮ ಎದ್ದಳು. "ಮಾರ್ಕ್ಸ್ ಕಾರ್ಡ್ ತರಾಕ ಹೋಗ್ಯಾರ."

ಬಳ್ಳಾರಿಯ ಬಸ್ಸಿನಲ್ಲಿ ಪಕ್ಕೀರಪ್ಪ ಫೋನ್ ಹಿಡಿದು ಕೂತ. ಫೇಲಾದವರಿಗೆ ಮತ್ತೆ ಪರೀಕ್ಷೆ ಕಟ್ಟಿಸುವ ಟ್ಯುಟೋರಿಯಲ್‌ಗಳು ಎಲ್ಲೆಲ್ಲಿವೆ ಎಂದು ಗೊತ್ತಿದ್ದವರನ್ನೆಲ್ಲ ಕೇಳಿದ. ಮುಂದಿನ ಸೋಮವಾರವೇ ಪರೀಕ್ಷೆ ಶುರು ಎಂದೂ ಗೊತ್ತಾಯಿತು. ಮೊದಲೆರಡು ಕಡೆ ಎರ್ರಿ ಇರಲಿಲ್ಲ. ಮೂರನೆಯದು ಸತ್ಯನಾರಾಯಣಪೇಟೆಯ ಹಳೆಯ ಮನೆಯೊಂದರ ಹಿತ್ತಿಲಲ್ಲಿ ತಗಡು ಹೊದಿಸಿ ನಡೆಸುತ್ತಿದ್ದ ತರಗತಿ. ನಿವೃತ್ತ ಮೇಷ್ಟ್ರು ಪ್ರಭುಲಿಂಗ ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದರು.

ಕೊನೆಯ ಬೆಂಚಿನಲ್ಲಿ, ಮೊಣಕಾಲು ಒಳಗೆ ಹಿಡಿಸದೆ ಅಡ್ಡ ಕೂತಿದ್ದ ಒಬ್ಬ ದುಂಡು ಮುಖದ ಗಂಡಸು ಕನ್ನಡಕ ಮೂಗಿಗಿಳಿಸಿ, ನಾಲಗೆ ಹಲ್ಲಿನ ನಡುವೆ ಕಚ್ಚಿಕೊಂಡು ಕೈವಾರದಿಂದ ವೃತ್ತ ಎಳೆಯುತ್ತಿದ್ದ. ಎಡ ಹುಬ್ಬಿನ ಮೇಲೆ ಗಾಯದ ಗುರುತಿತ್ತು.

ಪಕ್ಕೀರಪ್ಪ ಬಾಗಿಲಲ್ಲೇ ನಿಂತು ಠಾಣೆಗೆ ಫೋನ್ ಮಾಡಿದ. "ಸರ್, ಹೆಣ ಸಿಕ್ತು. ಇಲ್ರಿ, ಹೊಳ್ಯಾಗಲ್ಲ. ಸತ್ಯನಾರಾಯಣಪೇಟಿಯಾಗ. ಗಣಿತ ಮಾಡಾಕತ್ತೈತಿ."

ಎರ್ರಿಯನ್ನು ಹೊರಗೆ ಕರೆದು ಜಗಲಿಯ ಮೇಲೆ ಕೂರಿಸಿದರು. ಹಗಲೆಲ್ಲ ಇಲ್ಲಿ ಓದು, ಬೆಳಗಿನ ಜಾವ ಮತ್ತು ಸಂಜೆ ಕೌಲ್ ಬಜಾರಿನಲ್ಲಿ ಗೆಳೆಯನೊಬ್ಬನ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ದಾರ ಕತ್ತರಿಸುವುದು, ಅಲ್ಲೇ ಊಟ, ಅಲ್ಲೇ ನಿದ್ದೆ ಎಂದು ಹೇಳಿದ.

"ಫೋನ್ ಯಾಕ ಬಂದ್ ಮಾಡೀರಿ?"

"ಪರೀಕ್ಷಿ ಮುಗಿಯೂತನಕ ಫೋನ್ ಮುಟ್ಟಬಾರ್ದು ಅಂತ ಮೇಷ್ಟ್ರು ಅಂದ್ರಿ. ಡಬ್ಬ್ಯಾಗ ಹಾಕಿ ಕೊಟ್ಟೀನಿ."

ಪ್ರಭುಲಿಂಗ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಪಾಠದ ಹೊತ್ತಿನಾಗ ಅಂತ ನಾ ಅಂದದ್ದಪಾ! ಉಳದೋರೆಲ್ಲ ದಿನಾ ಸಂಜಿಗೆ ವಾಪಸ್ ಒಯ್ತಾರ. ನೀ ಒಂದಿನಾನೂ ಕೇಳಿಲ್ಲಂದ್ರ, ಎಂಥಾ ಶ್ರದ್ಧಿ ಅಂದ್ಕೊಂಡೆ."

"ಅಕ್ಕಗರ ಹೇಳಬೇಕಿಲ್ಲೇನ್ರಿ?" ಎಂದಳು ಊರಮ್ಮ.

"ಹೇಳಿದ್ರ ಆಕಿ ಊರಿಗೆಲ್ಲ ಹೇಳ್ತಿದ್ಲು. ಪಾಸಾಗಿ ಹೇಳೋಣಂತ ಮಾಡಿದ್ದೆ." ಅವನು ಪೊಲೀಸ್ ಪೇದೆಯನ್ನು ಮೇಲೆ ಕೆಳಗೆ ನೋಡಿ ದಿಗಿಲುಬಿದ್ದ. "ಯಾಕ್ರಿ, ಏನಾತು?"

"ನೀವು ಸತ್ತೀರಿ," ಎಂದ ಪಕ್ಕೀರಪ್ಪ. "ನಿಮ್ಮ ಬಾವ ನಿಮ್ಮನ್ನ ಕೊಂದು ಹೊಳಿಗೆ ಒಗದಾನ. ಒಪ್ಕೊಂಡು ಎರಡು ದಿನದಿಂದ ಸ್ಟೇಷನ್ನಿನಾಗ ಕುಂತಾನ."

"ಬಾವನಾ? ಕೋಳಿ ಕೊಯ್ಯಾಕೂ ಪಕ್ಕದ ಮನಿಯೋರ್ನ ಕರಿತಾನ್ರಿ ಬಾವ!"

ಊರಮ್ಮ ಎಲ್ಲ ಬಿಡಿಸಿ ಹೇಳಿದಳು. ಮೂರು ಸಲ ಠಾಣೆಗೆ ಅಲೆದದ್ದು, ಹರಗೋಲು, ಮಜ್ಜಿಗೆಯ ಮಾತು. ಎರ್ರಿ ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಣ್ಣು ತುಂಬಿ ಬಂದಿತ್ತು. ತುಸು ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, ಬಹಳ ಸಂಕೋಚದಿಂದ ಕೇಳಿದ.

"ಮೇಡಮ್, ಸೋಮವಾರ ಪರೀಕ್ಷಿ ಐತ್ರಿ. ಅಲ್ಲೀತನಕ ಸತ್ತಾನ ಅಂತಾನಾ ಇಟ್ಕೊಳ್ಳಾಕ ಬರಂಗಿಲ್ಲೇನ್ರಿ?"

"ಬರಂಗಿಲ್ಲ," ಎಂದಳು ಊರಮ್ಮ. "ಆದ್ರ ಇವತ್ತು ಸಂಜಿಗೆ ವಾಪಸ್ ಬಿಡಸ್ತೀನಿ. ಏಳ್ರಿ."

ಸೂರಯ್ಯ ಕ್ಯಾಂಪ್ ತಲುಪುವಷ್ಟರಲ್ಲಿ ಠಾಣೆಯ ಮುಂದೆ ಅರ್ಧ ಊರು ನೆರೆದಿತ್ತು. ಎರ್ರಿ ಆಟೊದಿಂದ ಇಳಿದ. ಹುಲುಗಪ್ಪ ಬೆಂಚಿನಿಂದ ಎದ್ದು ಬಂದವನೇ ಸತ್ತವನ ಕೆನ್ನೆಗೆ ಪಟಾರನೆ ಒಂದು ಕೊಟ್ಟು, ಮರುಗಳಿಗೆ ಅವನನ್ನು ತಬ್ಬಿಕೊಂಡು "ಎಲ್ಲಿ ಹಾಳಾಗಿ ಹೋಗಿದ್ದಿಲೇ!" ಎಂದು ಗೊಳೋ ಎಂದ. ಸಾವಂತ್ರಮ್ಮ ಇಬ್ಬರನ್ನೂ ಒಟ್ಟಿಗೆ ಬಡಿದಳು. ಈ ಸಲದ ಅಳು ನಿಜವಾದದ್ದಾದ್ದರಿಂದ ಅದಕ್ಕೆ ಅಷ್ಟೊಂದು ಸದ್ದಿರಲಿಲ್ಲ.

ದೊಡ್ಡಬಸವರಾಜ ಮಾತ್ರ ಕೆಂಡವಾಗಿದ್ದ. ಊರಮ್ಮನನ್ನು ಒಳಗೆ ಕರೆದು ಬಾಗಿಲು ಹಾಕಿದ. "ಎರಡು ದಿನ ಹರಗೋಲು, ನಾಯಿ, ಮ್ಯಾಲಿನೋರಿಗೆ ಉತ್ತರ. ನಿಮಗ ನಿನ್ನೀನ ಗೊತ್ತಿತ್ತಂತ, ಪಕ್ಕೀರಪ್ಪ ಹೇಳಿದ. ಈ ಹುಲುಗಪ್ಪನ ಮ್ಯಾಲೆ ಸುಳ್ಳು ಮಾಹಿತಿ ಕೊಟ್ಟಿದ್ದಕ್ಕ ಕೇಸ್ ಹಾಕಾಂವನಾ ನಾನು."

"ನಿನ್ನಿ ಹೇಳದಿದ್ದಿದ್ದು ನನ್ನ ತಪ್ಪು. ಅದನ್ನೂ ರಿಪೋರ್ಟಿನಾಗ ಬರದೀನಿ," ಎಂದು ಊರಮ್ಮ ಬಸ್ಸಿನಲ್ಲಿ ಕೂತು ಬರೆದ ಎರಡು ಹಾಳೆ ಮುಂದಿಟ್ಟಳು. ಅವನು ನಿಂತೇ ಓದಿದ. ಎರಡನೆಯ ಹಾಳೆಯ ನಡುವಿಗೆ ಬಂದಾಗ ಕೂತ.

"ಮೇಡಮ್, ಇದೊಂದು ಸಾಲು... ಕಾಣೆಯಾದ ದೂರು ಕೊಡಲು ಮೂರು ಬಾರಿ ಬಂದರೂ ಸ್ವೀಕರಿಸಿರಲಿಲ್ಲ... ಇದನ್ನ ತಗದುಬಿಡ್ರಿ."

"ತಗದ್ರ ಈ ಮನ್ಷ್ಯಾ ಯಾಕ ಸುಳ್ಳು ಹೇಳಿದ ಅನ್ನಾದು ತಿಳಿಯಂಗಿಲ್ಲ ಸರ್. ತಿಳೀಲಿಲ್ಲ ಅಂದ್ರ ಹುಚ್ಚ ಅಂತ ಬರೀಬೇಕಾಗ್ತತಿ. ಹುಚ್ಚಲ್ಲದೋರ್ನ ಹುಚ್ಚ ಅಂತ ನಾನು ಬರಿಯಂಗಿಲ್ಲ."

"ನಾನು ಅವತ್ತು ಇದ್ದಿಲ್ಲರಿ ಸ್ಟೇಷನ್ನಿನಾಗ. ದೇವರಾಣಿ."

"ಒಂದಿನ ಇದ್ದಿಲ್ಲ. ಎರಡು ದಿನ ಇದ್ರಿ."

ದೊಡ್ಡಬಸವರಾಜ ಹಾಳೆ ಕೆಳಗಿಟ್ಟು ಹೊರಗೆ ನೋಡಿದ. ಕಿಟಕಿಯಾಚೆ ಸಾವಂತ್ರಮ್ಮ ತಮ್ಮನಿಗೆ ಮಜ್ಜಿಗೆ ಕುಡಿಸುತ್ತಿದ್ದಳು. ಕೆಟ್ಟ ಮನುಷ್ಯನೇನಲ್ಲ ಅವನು. ಕೆಲಸ ಜಾಸ್ತಿ, ಕೇಳುವ ತಾಳ್ಮೆ ಕಡಿಮೆ. ಕೊನೆಗೆ ಬಾಗಿಲು ತೆಗೆದು ಪಕ್ಕೀರಪ್ಪನನ್ನು ಕೂಗಿದ. ಎರ್ರಿ ಕಾಣೆಯಾದ ಬಗ್ಗೆ ಹುಲುಗಪ್ಪನ ದೂರು ಬರೆದುಕೊಳ್ಳಲು ಹೇಳಿದ. ಪಕ್ಕೀರಪ್ಪ ಎತ್ತರ, ಬಣ್ಣ, ಬಟ್ಟೆ ಎಲ್ಲ ಕೇಳಿ ಕೇಳಿ ಬರೆದುಕೊಂಡ. ಕಾಣೆಯಾದವನು ಪಕ್ಕದಲ್ಲೇ ನಿಂತು ಒಂದೆರಡು ತಪ್ಪು ತಿದ್ದಿಸಿದ. "ಐದು ಅಡಿ ಐದು ಇಂಚ್ರಿ, ನಾಲ್ಕಲ್ಲ." ಅದರ ಕೆಳಗೇ ವ್ಯಕ್ತಿ ಪತ್ತೆಯಾಗಿದ್ದಾನೆ ಎಂದು ಬರೆದು ಎಲ್ಲರೂ ಸಹಿ ಹಾಕಿದರು. ಹುಲುಗಪ್ಪನಿಗೆ ಬುದ್ಧಿ ಹೇಳಿ ಬಿಟ್ಟರು. ಊರಮ್ಮನ ರಿಪೋರ್ಟು ಒಂದು ಸಾಲೂ ಕಡಿಮೆಯಾಗದೆ ಮೇಲಕ್ಕೆ ಹೋಯಿತು. ಅದಕ್ಕಾಗಿ ದೊಡ್ಡಬಸವರಾಜನಿಗೆ ಒಂದು ನೋಟಿಸು ಬಂತು, ಊರಮ್ಮನಿಗೂ ಒಂದು ಬಂತು.

ಎರ್ರಿ ಸೋಮವಾರದಿಂದ ಎಲ್ಲ ಪರೀಕ್ಷೆ ಬರೆದ. ಗಣಿತದಲ್ಲಿ ನಲವತ್ತೊಂದು ಬಂತು. ಹಿಂದಿಯಲ್ಲಿ ಹತ್ತೊಂಬತ್ತು ಬಂದು ಫೇಲಾದ. ಎರಡು ದಿನ ಮುಸುಕು ಹಾಕಿ ಮಲಗಿದ್ದವನು ಮೂರನೆಯ ದಿನ ಎದ್ದು ಸ್ನಾನ ಮಾಡಿ, ಅಕ್ಕ ಬೇಡ ಬೇಡವೆಂದರೂ ಕೇಳದೆ, ಅದೇ ಮಾರ್ಕ್ಸ್ ಕಾರ್ಡು ಹಿಡಿದು ಒಬ್ಬನೇ ಕುರುಗೋಡಿನ ಬಸ್ಸು ಹತ್ತಿದ. ಸರೋಜಾ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಈ ಸಲ ನಗಲಿಲ್ಲ.

"ಪಾಸಾದ ಕಾರ್ಡ್ ಎಲ್ಲಾರೂ ತರ್ತಾರ್ರಿ. ಫೇಲಾಗಿದ್ದು ತಂದು ತೋರಿಸಿದೋರು ನೀವಾ ಮೊದಲ್ನೇರು. ಕುಂದರ್ರಿ, ಹಿಂದಿ ನಾನು ಹೇಳಿಕೊಡ್ತೀನಿ," ಎಂದಳು.

ಶ್ರಾವಣ ಮುಗಿಯುವ ಮೊದಲೇ ಕುರುಗೋಡಿನಲ್ಲಿ ಮದುವೆಯಾಯಿತು. ಊರಮ್ಮ ಅವ್ವನನ್ನೂ ಕರೆದುಕೊಂಡು ಹೋಗಿದ್ದಳು. ಹುಲುಗಪ್ಪ ಹೊಸ ಧೋತರ ಉಟ್ಟು ಬಂದ ಬೀಗರಿಗೆಲ್ಲ ಅವಳನ್ನು ತೋರಿಸಿ, "ನಾನು ಕೊಲಿಗಾರ ಅಲ್ಲ ಅಂತ ಕಂಡುಹಿಡದೋರು ಇವರಾ" ಎಂದು ಪರಿಚಯ ಮಾಡಿಸಿದ. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು ಅವನನ್ನೇ ದಿಟ್ಟಿಸಿ ನೋಡಿದರು.

ಊಟದ ಪಂಕ್ತಿಯಲ್ಲಿ ದೊಡ್ಡಬಸವರಾಜ ಅವಳ ಪಕ್ಕದಲ್ಲೇ ಬಂದು ಕೂತ. ನೋಟಿಸಿನ ಮಾತು ಇಬ್ಬರೂ ಎತ್ತಲಿಲ್ಲ.

"ಈಗ ಪಕ್ಕೀರಪ್ಪ ಯಾರು ಏನು ಕಳಕೊಂಡೀನಿ ಅಂದ್ರೂ ಬರ್ಕೊಂತಾನ್ರಿ ಮೇಡಮ್," ಎಂದ. "ಹೋದ ವಾರ ಒಬ್ಬಾಕಿ ಎಮ್ಮಿ ಕಳದೈತಿ ಅಂತ ಬಂದ್ಲು. ಅದು ಯಾವ ಭಾಷಿ ಮಾತಾಡ್ತತಿ ಅಂತ ಕೇಳ್ಯಾನ."

"ಸಿಕ್ತಾ?"

"ಸಿಕ್ತು. ಅವನಾ ಹೋಗಿ ಹಿಡಕೊಂಡು ಬಂದ."

ಹುಗ್ಗಿ ಬಡಿಸುವವರು ಬಂದರು. ಸಾಕು ಎಂದು ಊರಮ್ಮ ಎಲೆಗೆ ಕೈ ಅಡ್ಡ ಹಿಡಿದಳು. ಪಿಎಸ್ಐ ಅವಳ ಕೈ ಸರಿಸಲು ಹೇಳಿ ಎರಡು ಸೌಟು ಹಾಕಿಸಿದ, ಮೇಲೆ ತುಪ್ಪ ಬಿಡಿಸಿದ. ಅವಳು ಬೇಡವೆನ್ನದೆ ತಿಂದಳು.